ಬಂದೇಸಾಬನ ಅರ್ಧ ಸುತ್ತು

ಸವಣೂರಿನ ಬಂದೇಸಾಬ ಕಟ್ಟಿಕೊಟ್ಟ ಟ್ರೇಲರಿನಿಂದ ಇವತ್ತಿನವರೆಗೆ ಒಂದೇ ಒಂದು ನಟ್ಟು ಉದುರಿಲ್ಲ. ಇದೇನು ಅವನು ತನ್ನ ಬೆನ್ನು ತಾನೇ ಚಪ್ಪರಿಸಿಕೊಳ್ಳುವ ಮಾತಲ್ಲ. ಶಿಗ್ಗಾವಿಯ ಟ್ರ್ಯಾಕ್ಟರ್ ಡ್ರೈವರುಗಳನ್ನು ಕೇಳಿ, ಹಾನಗಲ್ಲಿನ ಕಬ್ಬಿನ ಗಾಡಿಯವರನ್ನು ಕೇಳಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಕೆಲವರು ನಗುತ್ತ ಹೇಳುತ್ತಾರೆ, ಯಾಕೆಂದರೆ ಆ ಉದುರದ ನಟ್ಟನ್ನು ಎಂದಾದರೊಮ್ಮೆ ಬಿಚ್ಚುವ ಪ್ರಸಂಗ ಅವರಿಗೆ ಬಂದಿರುತ್ತದೆ. ಬಂದೇಸಾಬ ಬಿಗಿದದ್ದನ್ನು ಬಿಚ್ಚಬೇಕಾದರೆ ಇಬ್ಬರು ಗಟ್ಟಿ ಆಳು, ಮೂರಡಿ ಕಬ್ಬಿಣದ ಪೈಪು ಮತ್ತು ಅರ್ಧ ದಿನದ ಬಿಡುವು ಬೇಕು.

ಅವನದೊಂದು ಪದ್ಧತಿಯಿತ್ತು. ಟ್ರೇಲರಿರಲಿ, ಕೂರಿಗೆಯಿರಲಿ, ಕುಂಟೆಯಿರಲಿ, ಕಬ್ಬಿಣದ ಕೆಲಸದ ಅಂಗಡಿಯಿಂದ ಹೊರಗೆ ಹೋಗುವ ಮುನ್ನ ಬಂದೇಸಾಬ ಕೈಯಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಅದರ ಸುತ್ತ ಒಮ್ಮೆ ಬರುತ್ತಿದ್ದ. ಒಂದೊಂದು ನಟ್ಟಿಗೂ ಪಾನಾ ಹಚ್ಚಿ, ‘ಬಿಸ್ಮಿಲ್ಲಾ’ ಎಂದು, ಆಗಲೇ ಬಿಗಿಯಾಗಿದ್ದ ನಟ್ಟನ್ನು ಇನ್ನರ್ಧ ಸುತ್ತು ತಿರುಗಿಸುತ್ತಿದ್ದ. ಎತ್ತಿನ ಗಾಡಿಯ ಗಾಲಿಗೆ ಹಳಿ ಹಾಕುತ್ತಿದ್ದ ಅವನ ಅಪ್ಪನಿಂದ ಬಂದ ಅಭ್ಯಾಸ ಅದು. ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಮೂರು ತಾಲೂಕಿನ ರೈತರು ಅದಕ್ಕೆ ಬಂದೇಸಾಬನ ಅರ್ಧ ಸುತ್ತು ಎಂದೇ ಹೆಸರಿಟ್ಟಿದ್ದರು.

ಈ ಅರ್ಧ ಸುತ್ತಿನ ಕಷ್ಟವೇನೆಂದು ಕೇಳಬೇಕಾದರೆ ಅವನ ಹೆಂಡತಿ ಹಾಜರಾಬಿಯನ್ನು ಕೇಳಬೇಕು. ಆ ಮನೆಯಲ್ಲಿ ನಲ್ಲಿಯ ವಾಷರು ಎರಡು ತಿಂಗಳು ಬಾಳಿದರೆ ಹೆಚ್ಚು. ಉಪ್ಪಿನಕಾಯಿ ಬಾಟಲಿಯನ್ನು ಬಂದೇಸಾಬ ಮುಚ್ಚಿಟ್ಟನೆಂದರೆ ಮತ್ತೆ ಅವನೇ ಮನೆಗೆ ಬರುವವರೆಗೆ ಊಟಕ್ಕೆ ಉಪ್ಪಿನಕಾಯಿ ಇಲ್ಲ. ಗ್ಯಾಸಿನ ರೆಗ್ಯುಲೇಟರ್ ಮುಟ್ಟಕೂಡದೆಂದು ಹಾಜರಾಬಿ ಅವನಿಂದ ಆಣೆಯನ್ನೇ ಹಾಕಿಸಿಕೊಂಡಿದ್ದಳು.

ಅವರ ಒಬ್ಬಳೇ ಮಗಳು ಸುಮೇರಾ. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು ಅಪ್ಪನ ಅಂಗಡಿಯ ಮೂಲೆಯಲ್ಲೇ ಒಂದು ಮೇಜು ಹಾಕಿಕೊಂಡು ಕೂತಳು. ಜನ ಮೊದಮೊದಲು ಮೊಬೈಲ್ ರಿಪೇರಿಯೆಂದು ತಿಳಿದು ಒಡೆದ ಫೋನು ಹಿಡಿದು ಬಂದರು. ಅವಳು ಮಾಡುತ್ತಿದ್ದದ್ದು ಬೇರೆ. ಕೂರಿಗೆ ಬೀಜವನ್ನು ಎಷ್ಟು ಆಳಕ್ಕೆ ಬಿಡುತ್ತಿದೆ ಎಂದು ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತವನಿಗೆ ಆಗಿಂದಾಗ್ಗೆ ತೋರಿಸುವ ಒಂದು ಯಂತ್ರ ಅದು.

ಯಂತ್ರವೆಂದರೆ ದೊಡ್ಡದೇನಲ್ಲ. ನೆಲದ ಮೇಲೆ ಉರುಳುವ ಪುಟ್ಟ ಗಾಲಿ, ಅದಕ್ಕೊಂದು ತೋಳು, ತೋಳಿನ ಬುಡದಲ್ಲಿ ಅವರೆಕಾಳಿನಷ್ಟು ಅಯಸ್ಕಾಂತ. ಕೂರಿಗೆಯ ತಾಳು, ಬೀಜ ಇಳಿಯುವ ಹಲ್ಲು, ಮಣ್ಣಿಗೆ ಇಳಿದಷ್ಟೂ ಗಾಲಿ ಮೇಲೇಳುತ್ತದೆ, ಅಯಸ್ಕಾಂತ ತಿರುಗುತ್ತದೆ. ಅದರ ಎದುರಿಗೆ ಒಂದು ಡಬ್ಬಿಯೊಳಗೆ ಕೂತ ಸೆನ್ಸರು ಎಷ್ಟು ತಿರುಗಿತು ಎಂದು ನೋಡಿ ಪರದೆಯ ಮೇಲೆ ಇಂಚಿನ ಲೆಕ್ಕ ತೋರಿಸುತ್ತದೆ. ಗೋವಿನಜೋಳದ ಬೀಜ ಎರಡು ಇಂಚಿಗೆ ಬೀಳಬೇಕು. ಮೇಲೆ ಬಿದ್ದದ್ದು ನವಿಲಿನ ಪಾಲು, ತೀರ ಕೆಳಗೆ ಬಿದ್ದದ್ದು ಮಣ್ಣಿನ ಪಾಲು.

ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ದ್ಯಾಮಪ್ಪನೆಂಬ ರೈತನಿದ್ದ. ಸುತ್ತಲಿನ ರೈತರ ಒಂದು ಗುಂಪಿಗೆ ಅವನೇ ಮುಂದಾಳು. ಗುಂಪಿನವರಲ್ಲಿ ಇಪ್ಪತ್ತು ಟ್ರ್ಯಾಕ್ಟರ್ ಕೂರಿಗೆಗಳಿದ್ದವು, ಇಪ್ಪತ್ತನ್ನೂ ಮಾಡಿದವನು ಬಂದೇಸಾಬ. ಸುಮೇರಾಳ ಯಂತ್ರದ ಸುದ್ದಿ ಕೇಳಿ ದ್ಯಾಮಪ್ಪ ತಾನಾಗಿಯೇ ಹೇಳಿಕಳಿಸಿದ. ಅವಳು ಏಪ್ರಿಲ್‌ನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಅಪ್ಪನ ಜೊತೆ ಹೋಗಿ ಹೊಲದಲ್ಲಿ ತೋರಿಸಿದಳು. ಎರಡು ಸಲವೂ ಮಾನ ಹೋಯಿತು.

ವಿಚಿತ್ರವೆಂದರೆ ಅಂಗಡಿಯಲ್ಲಿ ಯಂತ್ರ ಅರಳು ಹುರಿದಂತೆ ಸರಿಯಾದ ಲೆಕ್ಕ ಹೇಳುತ್ತಿತ್ತು. ಇಡೀ ದಿನ ಅಂಗಳದ ಬಿಸಿಲಿನಲ್ಲಿಟ್ಟರೂ ಅಷ್ಟೆ, ಬಡಿದು ಕುಲುಕಿದರೂ ಅಷ್ಟೆ. ಅದೇ ಯಂತ್ರ ಅಬಲೂರಿನ ಹೊಲ ಮುಟ್ಟಿದ ಕೂಡಲೇ ಎರಡು ಇಂಚಿಗೆ ಮೂರು ಎನ್ನುತ್ತಿತ್ತು. ಸೊನ್ನೆಗೆ ತಂದು ಮತ್ತೆ ಹೊರಡಿಸಿದರೆ ಹತ್ತು ನಿಮಿಷ ನೆಟ್ಟಗಿರುತ್ತಿತ್ತು, ಬಿಸಿಲು ಏರಿದಂತೆ ಮತ್ತೆ ದಾರಿ ತಪ್ಪುತ್ತಿತ್ತು.

ಎರಡನೆಯ ಸಲ ದ್ಯಾಮಪ್ಪ ಮೆತ್ತಗೇ ಹೇಳಿದ್ದ. “ಸುಮೇರಾ, ಬ್ಯಾಸರ ಮಾಡ್ಕೋಬ್ಯಾಡವಾ. ಮಿರಗದ ಮಳಿ ಬಿದ್ದ ಮ್ಯಾಲ ಇನ್ನೊಂದ ಸಲ ನೋಡೂನು. ಸರಿ ಬಂತು ಅಂದ್ರ ಇಪ್ಪತ್ತಕ್ಕೂ ಕೂಡ್ರಸೂನು. ಬರ್ಲಿಲ್ಲ ಅಂದ್ರ ಬಿಟ್ಟಬಿಡೂನು. ಬಿತ್ತಿಗಿ ದಿನದಾಗ ಆಟ ಆಡಾಕ ಆಗೂದಿಲ್ಲ.”

ಆ ದಿನ ವಾಪಸು ಬರುವಾಗ ಸುಮೇರಾ ಬಂಕಾಪುರ ದಾಟಿದ ಮೇಲೆ ಒಂದೇ ಮಾತು ಹೇಳಿದಳು. “ಮೂರನೇದೂ ಹಿಂಗ ಆತಂದ್ರ ಮೇಜು ತಗದಬಿಡ್ತೇನಿ ಅಬ್ಬಾ. ಹಾವೇರಿ ಮೊಬೈಲ್ ಅಂಗಡ್ಯಾಗ ಕೌಂಟರಿಗೆ ಕರದಾರ, ಅಲ್ಲೇ ಹೋಗ್ತೇನಿ. ನನಗ ಇದು ಬರೂದಿಲ್ಲ ಅನ್ನಸ್ತೈತಿ.”

ಮೂಲೆಯ ಆ ಮೇಜು, ಅದರ ಮೇಲೆ ಬಾಗಿದ ತಲೆ, ನಡುನಡುವೆ ‘ಅಬ್ಬಾ, ಇಲ್ಲಿ ನೋಡ್ರಿ’ ಎಂಬ ಕೂಗು, ಇವಿಲ್ಲದ ಅಂಗಡಿಯನ್ನು ಬಂದೇಸಾಬ ಊಹಿಸಿಕೊಳ್ಳಲಾರ. ಅಲ್ಲದೆ ತನ್ನ ಮಗಳು ಇನ್ನೊಬ್ಬರ ಫೋನಿಗೆ ಪ್ಲಾಸ್ಟಿಕ್ ಕವರು ಹಾಕಿ ಕೊಡುತ್ತ ನಿಲ್ಲುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಏನಾದರೂ ಮಾಡಿ ಈ ಮೂರನೆಯ ಸಲ ಗೆಲ್ಲಬೇಕು.

ಜೂನ್ ಮೊದಲ ವಾರ ಒಂದು ಮಧ್ಯಾಹ್ನ ಸುಮೇರಾ ಅವನನ್ನು ಮೇಜಿನ ಹತ್ತಿರ ಕರೆದಳು. ಡಬ್ಬಿ ತೆರೆದಿತ್ತು. ಎರಡು ಸಲವೂ ಹೊಲದಿಂದ ಬಂದ ಮೇಲೆ ಅದರ ನಟ್ಟು ಬಿಚ್ಚಿ ಕೂರಿಗೆಯಿಂದ ಇಳಿಸಿಕೊಟ್ಟವನು ಬಂದೇಸಾಬನೇ. ಒಳಗೆ ಉಗುರಿನಷ್ಟು ಕರಿ ಸೆನ್ಸರ್ ಚಿಪ್ ಕೂಡಿಸಿದ ಹಸಿರು ಹಲಗೆ, ಪಕ್ಕದ ಪರದೆಯ ಮೇಲೆ ಎರಡು ಎಂಬ ಅಂಕಿ.

“ಈ ಚಿಪ್ಪಿನ ಒಳಗ ಕಬ್ಬಿಣ, ನಿಕ್ಕಲ್ ಕೂಡಿಸಿದ ಒಂದ ಪೊರಿ ಐತಿ ಅಬ್ಬಾ. ಉಳ್ಳಾಗಡ್ಡಿ ಪೊರಿನ ಭಾಳ ದಪ್ಪ ಅನ್ನಬೇಕು, ಅಷ್ಟ ತೆಳು. ಎದುರಿನ ಚುಂಬಕ ಯಾ ಕಡೆ ಮುಖ ಮಾಡೈತಿ ಅನ್ನೂದು ಅದಕ್ಕ ಗೊತ್ತಾಗತೈತಿ. ಆದ್ರ ಇಲ್ಲಿ ನೋಡ್ರಿ.”

ಅವಳು ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಅಯಸ್ಕಾಂತ ಅಲುಗಲಿಲ್ಲ, ತೋಳು ಅಲುಗಲಿಲ್ಲ. ಪರದೆಯ ಮೇಲೆ ಎರಡು ಇದ್ದದ್ದು ಎರಡೂವರೆಯಾಯಿತು. ಇನ್ನಷ್ಟು ಒತ್ತಿದಳು, ಮೂರಕ್ಕೆ ಹತ್ತಿರ ಬಂತು. ಬೆರಳು ತೆಗೆದಳು, ಮತ್ತೆ ಎರಡು.

“ಪೊರಿನ ಜಗ್ಗಿದ್ರೂ, ಹಿಚುಕಿದ್ರೂ ಅದಕ್ಕ ಚುಂಬಕನ ತಿರುಗಿತು ಅನ್ನಸ್ತೈತಿ. ಹಲಿಗಿ ಬಾಗಿದ್ರ ಪೊರಿ ಬಾಗತೈತಿ, ಪೊರಿ ಬಾಗಿದ್ರ ಲೆಕ್ಕ ತಪ್ಪತೈತಿ. ಅದಕ್ಕ ನಾ ಡಬ್ಬಿ, ಹಲಿಗಿ ಎರಡನ್ನೂ ಹಿಡಿಯೂ ಈ ನಟ್ಟು ಬೆರಳಿನ್ಯಾಗಷ್ಟ ಬಿಗೀತೇನಿ. ಆದ್ರೂ ಹೊಲಕ್ಕ ಹೋಗೂದ್ರಾಗ ಅದು ಹೆಂಗ ಬಾಗತೈತೋ ಏನೋ. ರಸ್ತೆದಾಗಿನ ತೆಗ್ಗಿಗೇನು?”

ಬಂದೇಸಾಬ ತನ್ನ ಕೈ ನೋಡಿಕೊಂಡ. ಅವನ ಬಲಗೈಯಲ್ಲಿ ಪಾನಾ ಇತ್ತು, ಯಾವಾಗಲೂ ಇರುವಂತೆ. ಏಪ್ರಿಲ್‌ನ ಬೆಳಗು ನೆನಪಾಯಿತು, ಮೇ ತಿಂಗಳ ಬೆಳಗು ನೆನಪಾಯಿತು. ಮಗಳು ಎಲ್ಲ ಸರಿ ಮಾಡಿ ಕೈ ತೊಳೆಯಲು ಒಳಗೆ ಹೋದಾಗ ಅವನು ಕೂರಿಗೆಯ ಸುತ್ತ ಬಂದಿದ್ದ. ಹನ್ನೊಂದು ದೊಡ್ಡ ನಟ್ಟು ಮುಗಿಸಿ, ಹನ್ನೆರಡನೆಯದಾಗಿ ಆ ಡಬ್ಬಿಯ ನಟ್ಟು. ಪಾಪ, ಮಗಳ ಕೈಯಲ್ಲಿ ಶಕ್ತಿ ಸಾಲದು ಎಂದು ಅದಕ್ಕೆ ಉಳಿದವಕ್ಕಿಂತ ಹೆಚ್ಚಿನ ಪ್ರೀತಿಯಿಂದಲೇ ಅರ್ಧ ಸುತ್ತು ಕೊಟ್ಟಿದ್ದ.

“ರಸ್ತೆ ಭಾಳ ಕೆಟ್ಟೈತಿ” ಎಂದಷ್ಟೇ ಹೇಳಿ ಬಂದೇಸಾಬ ಅಲ್ಲಿಂದ ಜಾಗ ಖಾಲಿ ಮಾಡಿದ.

ಮನೆಗೆ ಬಂದು ಹಾಜರಾಬಿಯ ಮುಂದೆ ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿದಳು. ಆಮೇಲೆ ಎದ್ದು ಹೋಗಿ ಉಪ್ಪಿನಕಾಯಿ ಬಾಟಲಿ ತಂದು ಅವನ ಮುಂದಿಟ್ಟಳು.

“ಇಪ್ಪತ್ತೆಂಟ ವರ್ಷ ಆತು, ನಾ ಬಾಯಿ ಬಡ್ಕೊಳ್ಳಾಕತ್ತೇನಿ” ಎಂದಳು. “ನನ್ನ ಮಾತು ಕೇಳ್ಲಿಲ್ಲ. ಆ ಉಳ್ಳಾಗಡ್ಡಿ ಪೊರಿ ಮಾತರ ಕೇಳ್ರಿ. ಹೋಗಿ ಆಕಿಗೆ ಹೇಳಿಬಿಡ್ರಿ.”

“ಹೇಳಿದ್ರ ಆಕಿ ಏನಂದಾಳು? ಎರಡ ಸಲ ಮಂದಿ ಮುಂದ ಆಕಿ ಮಾರಿ ಸಣ್ಣದಾತು. ಇನ್ನ ಮ್ಯಾಲೆ ನಾ ಮುಟ್ಟೂದಿಲ್ಲ, ಮುಗೀತಲ್ಲ? ಮೂರನೇದು ತಾನಾಗೇ ಸರಿ ಬರ್ತೈತಿ. ಹೇಳೂ ಜರೂರ ಏನೈತಿ?”

“ಮುಟ್ಟೂದಿಲ್ಲ ಅಂತ ನೀವಂದ್ರಿ. ನಿಮ್ಮ ಕೈ ಏನಂತೈತಿ, ಕೇಳೀರೇನು?” ಎಂದು ಹಾಜರಾಬಿ ಬಾಟಲಿಯನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಮಿರಗದ ಮಳೆ, ಅಂದರೆ ಮೃಗಶಿರದ ಮಳೆ, ಈ ವರ್ಷ ಹೇಳಿದ ಹೊತ್ತಿಗೆ ಬಂತು. ಎರಡು ದಿನ ಸುರಿದು ಮೂರನೆಯ ದಿನ ಬಿಸಿಲು ಬಿತ್ತು. ನಾಲ್ಕನೆಯ ದಿನ ಬೆಳಗ್ಗೆ ಅಂಗಡಿಯ ಕೂರಿಗೆಯನ್ನು ಪಿಕಪ್ ಗಾಡಿಗೆ ಏರಿಸಿದರು. ಸುಮೇರಾ ಯಂತ್ರವನ್ನು ಕೊನೆಯ ಸಲ ನೋಡಿ, ಸರಿಯಿದೆ ಎಂದು ತಲೆಯಾಡಿಸಿ, ಕೈ ತೊಳೆಯಲು ಒಳಗೆ ಹೋದಳು.

ಬಂದೇಸಾಬ ಗಾಡಿಯ ಪಕ್ಕ ಎರಡೂ ಕೈ ಬಗಲಲ್ಲಿಟ್ಟುಕೊಂಡು ನಿಂತ. ಕೈ ಕಡಿಯುತ್ತಿತ್ತು. ಪಾನಾಗಳ ಪೆಟ್ಟಿಗೆಯನ್ನು ಅವನೇ ಹಾಜರಾಬಿಗೆ ಕೊಟ್ಟು, ಅಲಮಾರದಲ್ಲಿಟ್ಟು ಬೀಗ ಹಾಕು ಎಂದಿದ್ದ. ನಲವತ್ತು ವರ್ಷದಲ್ಲಿ ಮೊದಲ ಸಲ ಅವನ ಅಂಗಡಿಯಿಂದ ಒಂದು ಕೂರಿಗೆ ಅರ್ಧ ಸುತ್ತು ಇಲ್ಲದೆ ಹೊರಬಿತ್ತು. ಗಾಡಿ ನಡೆಸುವವನು ಅವನೇ, ಆದರೆ ಅವನ ಕಿವಿಯೆಲ್ಲ ಹಿಂದೆ ಕೂರಿಗೆ ನಿಂತ ಡಾಲಿಯಲ್ಲಿತ್ತು.

“ಅಬ್ಬಾ, ಇಷ್ಟ ಸಾವಕಾಶ ಯಾಕ?” ಎಂದಳು ಸುಮೇರಾ. “ಸೈಕಲ್ಲಿನವ್ರು ಮುಂದ ಹೊಂಟಾರ.”

“ರಸ್ತೆ ನೋಡವ್ವಾ” ಎಂದ.

ಬಂಕಾಪುರದ ಹತ್ತಿರ ಒಂದು ನವಿಲು ಸಾಹೇಬರಂತೆ ರಸ್ತೆ ದಾಟಿತು. ಬಂದೇಸಾಬ ಅದಕ್ಕೂ ನಿಂತು ದಾರಿ ಬಿಟ್ಟ. ಹಾನಗಲ್ ಇನ್ನು ನಾಲ್ಕು ಕಿಲೋಮೀಟರಿದೆ ಎನ್ನುವಾಗ ಹಿಂದಿನಿಂದ ಸದ್ದು ಬಂತು. ಟಣ್. ಸ್ವಲ್ಪ ದೂರ ಹೋದ ಮೇಲೆ ಮತ್ತೆ, ಟಣ್. ಅವನ ಕೂರಿಗೆಯಿಂದ ಇಂಥ ಸದ್ದು ಬಂದದ್ದು ಅವನಪ್ಪನ ಕಾಲದಿಂದಲೂ ಇಲ್ಲ.

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಎದುರು ಗಾಡಿ ನಿಲ್ಲಿಸಿದ. ಸುಮೇರಾ ಚಹಾ, ಮಿರ್ಚಿ ತರಲು ಹೋದಳು. ಬಂದೇಸಾಬ ಡಾಲಿ ಹತ್ತಿ ನೋಡಿದ. ಒಂದು ತಾಳಿನ ನಟ್ಟು ಕೂದಲೆಳೆಯಷ್ಟು ಸಡಿಲಾಗಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಇಳಿದು ಬಂದವನ ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು. ಅಲ್ಲೊಂದು ಹಳೆಯ ಪಾನಾ ಇರುವುದು ಹಾಜರಾಬಿಗೂ ಗೊತ್ತಿರಲಿಲ್ಲ, ಬೀಗ ಹಾಕಿಸುವಾಗ ಅವನಿಗೂ ನೆನಪಿರಲಿಲ್ಲ.

ಸಡಿಲಾದ ಒಂದನ್ನಷ್ಟೇ ಬಿಗಿಯೋಣ ಎಂದು ಶುರು ಮಾಡಿದ. ನಿಜವಾಗಿಯೂ ಒಂದನ್ನಷ್ಟೇ. ಆದರೆ ಪಕ್ಕದ್ದನ್ನು ಬಿಟ್ಟು ಹೋಗುವುದು ಹೇಗೆ? ‘ಬಿಸ್ಮಿಲ್ಲಾ’, ಅರ್ಧ ಸುತ್ತು. ಅದರ ಪಕ್ಕದ್ದು, ಅದರಾಚೆಯದು. ಎಷ್ಟೋ ದಿನದಿಂದ ಹಿಡಿದಿಟ್ಟ ಕೈಗಳಿಗೆ ಹಬ್ಬವಾಯಿತು. ಮೈ ಹಗುರಾಗಿ, ಬಾಯಲ್ಲಿ ಸಣ್ಣ ಗುನುಗು ಬಂತು. ಹತ್ತು, ಹನ್ನೊಂದು, ‘ಬಿಸ್ಮಿಲ್ಲಾ’, ಹನ್ನೆರಡು.

ಪಾನಾ ಕಳಚಿದ ಮೇಲೆ ತಾನೇನು ಮಾಡಿದೆ ಎಂದು ಅವನಿಗೆ ಹೊಳೆಯಿತು. ಗುನುಗು ನಿಂತಿತು. ವಾಪಸು ತಿರುಗಿಸಲೇ ಎಂದುಕೊಂಡ, ಎಷ್ಟು ತಿರುಗಿಸಬೇಕು? ಬಿಗಿಯುವ ಲೆಕ್ಕ ಅವನಿಗೆ ನಿದ್ದೆಯಲ್ಲೂ ಗೊತ್ತು, ಸಡಿಲು ಮಾಡುವ ಲೆಕ್ಕ ಅವನು ಕಲಿತೇ ಇರಲಿಲ್ಲ. ಅಷ್ಟರಲ್ಲಿ “ಅಬ್ಬಾ, ಮಿರ್ಚಿ ಬಿಸಿ ಅದಾವ, ತಗೋರ್ರಿ” ಎಂದು ಸುಮೇರಾ ಬಂದೇಬಿಟ್ಟಳು. ಪಾನಾ ಜೇಬಿಗೆ ಹೋಯಿತು.

ಹಾನಗಲ್ಲಿನಿಂದ ಅಬಲೂರಿನವರೆಗಿನ ದಾರಿಯನ್ನು ಬಂದೇಸಾಬ ಎಂದೂ ಮರೆಯಲಾರ. ಮಗಳು ಖುಷಿಯಲ್ಲಿದ್ದಳು. ಈ ಸಲ ಮೂರು ರಾತ್ರಿ ಕೂತು ಎಲ್ಲ ಹೊಸದಾಗಿ ಬೆಸೆದಿದ್ದೇನೆ, ಖಂಡಿತ ಸರಿ ಬರುತ್ತದೆ ಎಂದಳು. ಇಪ್ಪತ್ತು ಡಬ್ಬಿಗೂ ಯಾವ ಬಣ್ಣ ಬಳಿಯಬೇಕೆಂದು ಕೇಳಿದಳು. ಹಸಿರು ಎಂದ ಬಂದೇಸಾಬ, ಮರುಗಳಿಗೆ ಹಳದಿ ಎಂದ, ಆಮೇಲೆ ನಿನಗೆ ತಿಳಿದದ್ದು ಎಂದ. ಹೇಳಿಬಿಡಬೇಕು ಎಂದು ನಾಲ್ಕು ಸಲ ಬಾಯಿ ತೆರೆದ, ನಾಲ್ಕು ಸಲವೂ ಅವಳ ಮುಖ ನೋಡಿ ಬಾಯಿ ಮುಚ್ಚಿದ. ಈ ಸಲ ಕಡಿಮೆ ಬಿಗಿದಿರಬಹುದು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ. ಆ ಸುಳ್ಳನ್ನು ಅವನ ಕೈಗಳೇ ನಂಬಲಿಲ್ಲ.

ಅಬಲೂರಿನ ಹೊಲದಲ್ಲಿ ಹತ್ತು ಹನ್ನೆರಡು ಜನ ರೈತರು ಬದುವಿನ ಮೇಲೆ ಕೂತಿದ್ದರು. ದ್ಯಾಮಪ್ಪ ಟ್ರ್ಯಾಕ್ಟರ್ ತಂದಿದ್ದ. ಅವನ ತಾಯಿ ಫಕ್ಕೀರವ್ವ ಸೀರೆಯ ಕಚ್ಚೆ ಬಿಗಿದು ಸಿದ್ಧಳಾಗಿ ನಿಂತಿದ್ದಳು. ಆ ಹೊಲದಲ್ಲಿ ಬೀಜ ಎಷ್ಟು ಆಳಕ್ಕೆ ಬಿತ್ತೆಂದು ಹೇಳುವ ಅಧಿಕಾರ ಐವತ್ತು ವರ್ಷದಿಂದ ಅವಳ ಬೆರಳಿನದು. ಕೂರಿಗೆಯ ಹಿಂದೆ ನಡೆಯುತ್ತ ಬಗ್ಗಿ ಬಲಗೈಯ ತೋರುಬೆರಳು ಮಣ್ಣಿಗೆ ಇಳಿಸುತ್ತಾಳೆ, ಬೆರಳು ಬೀಜ ಮುಟ್ಟಿದಲ್ಲಿ ನಿಲ್ಲುತ್ತದೆ, ಎಷ್ಟು ಗೆಣ್ಣು ಮುಳುಗಿತೋ ಅಷ್ಟು ಇಂಚು ಆಳ.

ಸುಮೇರಾ ಯಂತ್ರವನ್ನು ಸೊನ್ನೆಗೆ ತಂದಳು, ಟ್ರ್ಯಾಕ್ಟರ್ ಹೊರಟಿತು. ಪರದೆಯನ್ನು ಎಲ್ಲರಿಗೂ ಕೇಳುವಂತೆ ಓದುವ ಕೆಲಸ ದ್ಯಾಮಪ್ಪನದು.

“ಎರಡು!” ಎಂದು ಕೂಗಿದ.

“ಎರಡ ಗೆಣ್ಣು” ಎಂದಳು ಫಕ್ಕೀರವ್ವ.

ಸುಮೇರಾ ಉಸಿರು ಬಿಟ್ಟಳು. ಬಂದೇಸಾಬ ಬಿಡಲಿಲ್ಲ. ಸಾಲು ತಿರುಗಿತು, ಮೋಡದಿಂದ ಬಿಸಿಲು ಹೊರಬಿದ್ದು ಡಬ್ಬಿಯ ಮೇಲೆ ಮಿಂಚಿತು.

“ಎರಡೂವರಿ!”

“ಎರಡ.”

“ಮೂರು!”

ಫಕ್ಕೀರವ್ವ ಬೆರಳನ್ನು ಮಣ್ಣಿನಲ್ಲೇ ಇಟ್ಟುಕೊಂಡು ತಲೆಯೆತ್ತಿದಳು. “ಎರಡ ಐತೋ ತಮ್ಮಾ. ನನ್ನ ಬೆರಳೇನು ಸವದೈತೇನು?”

ಬದುವಿನ ಮೇಲೆ ಕೂತವರು ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಆದರೂ ನಗು ನಗುವೇ. ದ್ಯಾಮಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ತಲೆ ಕೆರೆದುಕೊಂಡ. ಸುಮೇರಾ ಪರದೆಯ ವಾಯರನ್ನು ಕಿತ್ತು, ಅಚ್ಚುಕಟ್ಟಾಗಿ ಸುತ್ತಿ, ಚೀಲದೊಳಗೆ ಇಡತೊಡಗಿದಳು. ಅಂಗಡಿಯ ಮೇಜನ್ನೇ ಮಡಚಿ ಚೀಲಕ್ಕೆ ಹಾಕುತ್ತಿದ್ದಾಳೆ ಎನ್ನಿಸಿತು ಬಂದೇಸಾಬನಿಗೆ.

“ತಡೀರಿ!” ಎಂದು ಅವನು ಕೂಗಿದ ದನಿಗೆ ಹೊಲದಂಚಿನ ಬೆಳ್ಳಕ್ಕಿಗಳು ಎದ್ದವು.

ಜೇಬಿನಿಂದ ಪಾನಾ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. “ದ್ಯಾಮಪ್ಪ, ಯಂತ್ರ ಸುಳ್ಳ ಹೇಳಾಕತ್ತಿಲ್ಲ. ತಪ್ಪು ನಂದು. ಮಗಳು ಬೆರಳಿನ್ಯಾಗ ಬಿಗಿದಿದ್ಲು, ನಾ ಹಾನಗಲ್ಲಿನ್ಯಾಗ ಆಕಿ ಬೆನ್ನ ಹಿಂದ ಅರ್ಧ ಸುತ್ತು ಕೊಟ್ಟೆ. ಮೊದಲಿನ ಎರಡ ಸಲಾನೂ ನಾನ ಕೊಟ್ಟಿದ್ದೆ. ಬಿಗಿದ ಹಲಿಗಿ ಬಿಸಿಲಿಗೆ ಹಿಗ್ಗಾಕ ಜಾಗಾ ಇಲ್ಲದ ಒಳಗ ಸೆಟೀತೈತಿ, ಅದರ ಪೊರಿ ಸೆಟೀತೈತಿ, ಲೆಕ್ಕ ತಪ್ಪತೈತಿ. ಹತ್ತ ದಿನದ ಹಿಂದನ ನನಗ ತಿಳೀತು. ಹೇಳಾಕ ಬಾಯಿ ಬರ್ಲಿಲ್ಲ.”

ಯಾರೂ ನಗಲಿಲ್ಲ. ಮೂರು ತಾಲೂಕಿನಲ್ಲಿ ಬಿಗಿತಕ್ಕೆ ಹೆಸರಾದವನು ಬಿಗಿದದ್ದೇ ತಪ್ಪು ಎನ್ನುತ್ತಿದ್ದಾನೆ, ನಗುವುದೋ ಬಿಡುವುದೋ ಅವರಿಗೆ ತಿಳಿಯಲಿಲ್ಲ.

ಸುಮೇರಾ ಚೀಲ ಕೆಳಗಿಟ್ಟು ಅವನ ಎದುರಿಗೆ ಬಂದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

“ಎರಡ ತಿಂಗಳ ಆತು ಅಬ್ಬಾ. ಎರಡ ತಿಂಗಳ ನನ್ನ ತಲಿನ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ. ಕಲ್ತದ್ದೆಲ್ಲಾ ಸುಳ್ಳ ಅಂತ ತಿಳ್ಕೊಂಡಿದ್ದೆ.”

“ನಿನ್ನ ತಲಿ ಸರಿ ಐತಿ ಬೇಟಿ. ನೀ ಕಲ್ತದ್ದೂ ಸರಿ ಐತಿ” ಎಂದ ಬಂದೇಸಾಬ. ಪಾನಾವನ್ನು ಅವಳ ಕೈಗಿಟ್ಟ. “ನನಗ ಬಿಗಿಯೂದು ಗೊತ್ತು. ಸಡ್ಲ ಎಷ್ಟ ಮಾಡಬೇಕು ಅನ್ನೂದು ಗೊತ್ತಿಲ್ಲ. ನೀನ ತೋರಸು.”

ಅವಳು ಕೂರಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನಟ್ಟಿಗೆ ಪಾನಾ ಹಚ್ಚಿ ಜಗ್ಗಿದಳು. ನಟ್ಟು ಕದಲಲಿಲ್ಲ. ಎರಡೂ ಕೈಯಿಂದ ಜಗ್ಗಿದಳು, ಕದಲಲಿಲ್ಲ. ದ್ಯಾಮಪ್ಪ ಬಂದು ಕೈ ಹಚ್ಚಿದ, ಮುಖ ಕೆಂಪಾಯಿತೇ ಹೊರತು ನಟ್ಟು ಅಲ್ಲೇ ಇತ್ತು. ಆಗ ಬದುವಿನ ಮೇಲೆ ತಡೆದಿಟ್ಟಿದ್ದ ನಗು ಒಮ್ಮೆಲೇ ಒಡೆಯಿತು. ಫಕ್ಕೀರವ್ವ ಸೊಂಟ ಹಿಡಿದುಕೊಂಡು ನಕ್ಕಳು. ಕೊನೆಗೆ ಸುಮೇರಾಳಿಗೂ ತಡೆಯಲಾಗಲಿಲ್ಲ, ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು.

“ನೀವ ಬಿಚ್ಚರಿ ಅಬ್ಬಾ. ಅಷ್ಟು ಮಾತ್ರ ನಿಮ್ಮ ಕೆಲಸ” ಎಂದಳು.

ಬಂದೇಸಾಬ ಬಿಚ್ಚಿದ. ಅವಳು ವಾಯರು ಮತ್ತೆ ಜೋಡಿಸಿ ಪರದೆಯನ್ನು ಫಕ್ಕೀರವ್ವನ ಕಣ್ಣ ಮುಂದೆ ಹಿಡಿದಳು. ನಟ್ಟು ಸಡಿಲಾದಂತೆ ಅಂಕಿ ತಾನಾಗಿ ಇಳಿಯಿತು. ತಿರುಗಿ ಬಿಗಿಸಿದಳು, ಏರಿತು. ಸಡಿಲು ಮಾಡಿಸಿದಳು, ಇಳಿಯಿತು. ಗಾಲಿ ಇದ್ದಲ್ಲೇ ಇತ್ತು. ರೈತರೆಲ್ಲ ಬದು ಬಿಟ್ಟು ಬಂದು ಸುತ್ತ ನೆರೆದರು.

“ಅಯ್ಯ ನನ ಶಿವನ!” ಎಂದಳು ಫಕ್ಕೀರವ್ವ. “ಅಲ್ಲೇ ಕುಂತು ಬಂದೇಸಾಬನ ಕೈ ಬಿಗಿ ಎಷ್ಟು ಅಂತ ಹೇಳಾಕತ್ತೈತಲ್ಲೋ. ಇದು ಭಾಳ ಸೂಕ್ಷ್ಮ ಐತಿ. ಸಣ್ಣ ಕೂಸ ಹಿಡದಂಗ ಹಿಡೀಬೇಕು ಇದನ್ನ.”

ಸುಮೇರಾ ದ್ಯಾಮಪ್ಪನ ಟ್ರ್ಯಾಕ್ಟರಿನಲ್ಲಿದ್ದ ಹಳೆಯ ಸೈಕಲ್ ಟ್ಯೂಬನ್ನು ಕೇಳಿ ಪಡೆದು, ಎರಡು ತುಂಡು ಕತ್ತರಿಸಿ ಹಲಗೆಯ ಮೇಲೊಂದು ಕೆಳಗೊಂದು ಇಟ್ಟಳು. ಇನ್ನು ಬಿಸಿಲಿಗೆ ಹಿಗ್ಗಿದರೂ ಹಲಗೆಗೆ ಮೆತ್ತನೆಯ ಜಾಗವಿತ್ತು. ನಟ್ಟನ್ನು ಎರಡು ಬೆರಳಿನಿಂದ ತಿರುಗಿಸಿದಳು. ತಾಳುಗಳನ್ನು ನೆಲಕ್ಕೆ ಮುಟ್ಟಿಸಿ ಸೊನ್ನೆ ಮಾಡಿದಳು.

ಟ್ರ್ಯಾಕ್ಟರ್ ಮತ್ತೆ ಹೊರಟಿತು. ಎರಡು ಎಂದ ದ್ಯಾಮಪ್ಪ, ಎರಡು ಎಂದಳು ಫಕ್ಕೀರವ್ವ. ಒಂದು ಸಾಲು ಮುಗಿಯಿತು, ಎರಡು ಮುಗಿಯಿತು, ಬಿಸಿಲು ನೆತ್ತಿಗೆ ಬಂತು. ಹತ್ತನೆಯ ಸಾಲಿನಲ್ಲಿ ದ್ಯಾಮಪ್ಪ ಒಮ್ಮೆಲೇ “ಒಂದು!” ಎಂದು ಕೂಗಿದ. ಸುಮೇರಾಳ ಮುಖದ ರಂಗು ಇಳಿಯಿತು. ಎಲ್ಲರೂ ಫಕ್ಕೀರವ್ವನ ಕಡೆ ನೋಡಿದರು. ಅವಳು ಬಗ್ಗಿ, ಬೆರಳಿಳಿಸಿ, ನಿಂತಲ್ಲೇ ನಿಂತಳು. ಮತ್ತೊಂದು ಕಡೆ ಇಳಿಸಿ ನೋಡಿದಳು.

“ಒಂದ ಗೆಣ್ಣು ಐತಿ” ಎಂದಳು. “ಇಲ್ಲಿ ನೆಲ ಗಟ್ಟಿ. ಪ್ರತಿ ವರ್ಷ ಈ ಜಾಗಾದಾಗ ಬೆಳಿ ತೆಳುವ ಏಳತೈತಿ. ನವಿಲು ತಿಂತಾವು ಅಂತ ಸುಳ್ಳ ಆ ನವಿಲಿಗೆ ಬೈಕೊಂತ ಬಂದೆ. ನನ್ನ ಬೆರಳಿಗೆ ಐವತ್ತ ವರ್ಷದಾಗ ಸಿಗದ್ದು ಇದಕ್ಕ ಸಿಕ್ಕತಲ್ಲವಾ!”

ಮಣ್ಣು ಮೆತ್ತಿದ ಆ ಬೆರಳಿನಿಂದಲೇ ಅವಳು ಸುಮೇರಾಳ ಕೆನ್ನೆ ಸವರಿ ನೆಟಿಗೆ ಮುರಿದಳು. ಕೆನ್ನೆಯ ಮೇಲೆ ಕೆಮ್ಮಣ್ಣಿನ ಗೆರೆ ಉಳಿಯಿತು. ಸುಮೇರಾ ಅದನ್ನು ಸಂಜೆಯವರೆಗೂ ಒರೆಸಿಕೊಳ್ಳಲಿಲ್ಲ.

“ಇಪ್ಪತ್ತಕ್ಕೂ ಕೂಡ್ರಸರಿ” ಎಂದ ದ್ಯಾಮಪ್ಪ. “ಇದನ್ನ ಮಾತ್ರ ಒಯ್ಯಬ್ಯಾಡ್ರಿ. ನಾಳೆ ಉಳದ ಹೊಲಾ ಬಿತ್ತೋದೈತಿ, ಇಲ್ಲೇ ಬಿಟ್ಟು ಹೋಗ್ರಿ.”

ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಮುಗಿಸಿ ಹೊರಡುವ ಹೊತ್ತಾಯಿತು. ಸುಮೇರಾ ಗಾಡಿಯಲ್ಲಿ ಕೂತು ಇಪ್ಪತ್ತು ಡಬ್ಬಿಗೆ ಬೇಕಾಗುವ ಸಾಮಾನು ಬರೆದುಕೊಳ್ಳುತ್ತಿದ್ದಳು. ಮೊದಲ ಸಾಲಿನಲ್ಲೇ ಟ್ಯೂಬಿನ ತುಂಡು, ನಲವತ್ತು ಎಂದಿತ್ತು. ತಲೆಯೆತ್ತಿ ನೋಡಿದರೆ ಅಬ್ಬಾ ಪಕ್ಕದಲ್ಲಿಲ್ಲ.

ಬಂದೇಸಾಬ ಕೂರಿಗೆಯ ಹತ್ತಿರವಿದ್ದ. ತನ್ನ ಕೈಬಿಟ್ಟು ಇನ್ನೊಬ್ಬರ ಹೊಲದಲ್ಲಿ ಉಳಿಯುವ ಕೂರಿಗೆ ಅದು, ಸುಮ್ಮನೆ ಬಿಟ್ಟು ಹೋಗುವುದು ಹೇಗೆ? ಪಾನಾ ಹಿಡಿದು ಸುತ್ತ ಬರುತ್ತಿದ್ದ. ‘ಬಿಸ್ಮಿಲ್ಲಾ’, ಅರ್ಧ ಸುತ್ತು. ‘ಬಿಸ್ಮಿಲ್ಲಾ’, ಅರ್ಧ ಸುತ್ತು. ಸುಮೇರಾ ಪೆನ್ನು ಹಿಡಿದಂತೆಯೇ ಉಸಿರು ಬಿಗಿಹಿಡಿದು ನೋಡಿದಳು, ಕೂಗಲಿಲ್ಲ. ಹತ್ತು ಮುಗಿಯಿತು, ಹನ್ನೊಂದು ಮುಗಿಯಿತು. ಅವನು ಡಬ್ಬಿಯ ಮುಂದೆ ಬಂದು ನಿಂತ.

ಪಾನಾವನ್ನು ಜೇಬಿಗೆ ಹಾಕಿದ. ಖಾಲಿಯಾದ ಅಂಗೈಯನ್ನು ಡಬ್ಬಿಯ ಮೇಲೆ ಮೆತ್ತಗಿಟ್ಟು ‘ಬಿಸ್ಮಿಲ್ಲಾ’ ಎಂದ. ಅಷ್ಟೇ ಅಂದು, ಗಾಡಿ ಹತ್ತಲು ಬಂದ.